ಗಾಥ್ ಸಂಗೀತ ಎಂದರೆ ಯಾವುದು? ಡಾರ್ಕ್‌ವೇವ್, ಡೆತ್‌ರಾಕ್, ಗಾಥಿಕ್ ಮೆಟಲ್ ಎಲ್ಲ ಒಂದೇನಾ?

ಮಲೆನಾಡ_ಮಳೆ

ಎಲ್ಲರಿಗೂ ನಮಸ್ಕಾರ. ಒಂದು ಪ್ಲೇಲಿಸ್ಟ್ ಸಿಕ್ಕಿತು, ಹೆಸರು ಬರೀ 'ಗಾಥ್'. ಅದರಲ್ಲಿ ಸಿಸ್ಟರ್ಸ್ ಆಫ್ ಮರ್ಸಿ ಇದೆ, ಇವಾನೆಸೆನ್ಸ್ ಇದೆ, ಮರ್ಲಿನ್ ಮ್ಯಾನ್ಸನ್ ಇದ್ದಾನೆ, ಬೆಲಾರೂಸ್‌ನ ಮೊಲ್ಚಾತ್ ದೋಮಾ ಇದೆ, ಕಾಕ್ಟೋ ಟ್ವಿನ್ಸ್ ಕೂಡ ಇದೆ. ಕೇಳುತ್ತಾ ಹೋದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಕಾಣುವುದಿಲ್ಲ. ಒಂದರಲ್ಲಿ ಗಿಟಾರ್ ಗುಡುಗುತ್ತದೆ, ಇನ್ನೊಂದರಲ್ಲಿ ಗಿಟಾರ್ ಇದೆಯೋ ಇಲ್ಲವೋ ಎಂದೇ ಗೊತ್ತಾಗುವುದಿಲ್ಲ.

ಹಾಗಾದರೆ ಒಂದು ಹಾಡನ್ನು ಗಾಥ್ ಎಂದು ಗುರುತಿಸುವುದು ಯಾವುದರಿಂದ? ಕಪ್ಪು ಬಟ್ಟೆಯಿಂದಲಾ, ಸಾವು ನೋವಿನ ಸಾಹಿತ್ಯದಿಂದಲಾ, ಅಥವಾ ಸಂಗೀತದಲ್ಲೇ ಏನಾದರೂ ಇದೆಯಾ? ನಾನು ಮೆಟಲ್ ಕೇಳಿಕೊಂಡು ಬಂದವನು, ಟೈಪ್ ಓ ನೆಗೆಟಿವ್ ಅಂದರೆ ಪ್ರಾಣ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಬಾಸ್_ಗಿಟಾರಿ

ಸಂಗೀತದಲ್ಲೇ ಇದೆ. ಅದೂ ಮುಖ್ಯವಾಗಿ ಬಾಸ್‌ನಲ್ಲಿ (ಕೆಳಗಿನ ಸ್ವರ ನುಡಿಸುವ ಗಿಟಾರ್), ಡ್ರಮ್‌ನಲ್ಲಿ.

1976-77ರ ಪಂಕ್ ಗಲಾಟೆ ತಣ್ಣಗಾಗುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಪೋಸ್ಟ್-ಪಂಕ್ ಶುರುವಾಯಿತು. ಅದರ ಒಂದು ಕವಲೇ ಗಾಥ್. ಆ ಕವಲಿನಿಂದ ಬಂದದ್ದು ಗಾಥ್. ಬರದೇ ಇರುವುದು ಎಷ್ಟೇ ಕಪ್ಪಗಿರಲಿ, ಎಷ್ಟೇ ಅಳಿಸಲಿ, ಅದು ಬೇರೆ ಸಂಗೀತ. ಕೀಳು ಅಂತ ಹೇಳುತ್ತಿಲ್ಲ, ಬೇರೆ ಅಷ್ಟೇ.

ಒಂದು ಕೆಲಸ ಮಾಡಿ. ಬೌಹೌಸ್ ಬ್ಯಾಂಡಿನ 'ಬೆಲಾ ಲುಗೋಸೀಸ್ ಡೆಡ್' ಹಾಕಿ, ಒಳ್ಳೆಯ ಹೆಡ್‌ಫೋನಿನಲ್ಲಿ. 1979ರ ಜನವರಿ 26ರಂದು ವೆಲಿಂಗ್‌ಬರೋ ಎಂಬ ಊರಿನ ಬೆಕ್ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ್ದು. ಆಗ ಬ್ಯಾಂಡ್ ಕಟ್ಟಿ ಬರೀ ಆರು ವಾರವಾಗಿತ್ತು. ಹಾಡು ಒಂಬತ್ತು ನಿಮಿಷಕ್ಕಿಂತ ಜಾಸ್ತಿ ಇದೆ. ಮೊದಲು ಕೇಳುವುದು ಡ್ರಮ್ಮಿನ ಅಂಚಿಗೆ ಕೋಲು ತಾಗುವ ಟಕ್ ಟಕ್. ಅದಕ್ಕೆ ಎಕೋ ಹಾಕಿದ್ದಾರೆ, ಹಾಗಾಗಿ ಒಂದು ಏಟು ಹತ್ತಾಗಿ ಚೆದುರುತ್ತದೆ. ಆಮೇಲೆ ಬಾಸ್ ಬರುತ್ತದೆ, ಮೇಲಿಂದ ಕೆಳಕ್ಕೆ ನಿಧಾನವಾಗಿ ಇಳಿಯುವ ಕೆಲವೇ ಸ್ವರ. ಗಿಟಾರ್ ರಾಗ ನುಡಿಸುವುದೇ ಇಲ್ಲ, ಸುಮ್ನೆ ತಂತಿ ಕೆರೆಯುತ್ತಾ ಆ ಕಡೆ ಈ ಕಡೆ ಸುತ್ತುತ್ತದೆ. ಹೆಚ್ಚುಕಮ್ಮಿ ಮೂರು ನಿಮಿಷದ ತನಕ ಹಾಡುಗಾರ ಪೀಟರ್ ಮರ್ಫಿ ಬಾಯಿಯೇ ಬಿಡುವುದಿಲ್ಲ. ಅಷ್ಟು ಹೊತ್ತೂ ಹಾಡನ್ನು ಹೊತ್ತು ನಡೆಯುವುದು ಬಾಸ್. ಈ ಎಕೋ, ಈ ಖಾಲಿ ಜಾಗ ಎಲ್ಲ ಜಮೈಕಾದ ಡಬ್ ರೆಗೆಯಿಂದ (ಬಾಸ್, ಡ್ರಮ್, ಎಕೋ ಮುಂದಿಟ್ಟು ಉಳಿದದ್ದನ್ನು ತೆಗೆದುಹಾಕುವ ಸಂಗೀತ) ಕಲಿತದ್ದು. ಗಾಥ್ ಎಂದರೆ ಹಳೇ ಚರ್ಚು, ಆರ್ಗನ್ನು ಅಂದುಕೊಳ್ಳುವವರು ಇದನ್ನು ಗಮನಿಸಬೇಕು.

ರಾಕ್‌ನಲ್ಲಿ ಸಾಮಾನ್ಯವಾಗಿ ಗಿಟಾರ್ ಮುಂದೆ, ಬಾಸ್ ಹಿಂದೆ. ಇಲ್ಲಿ ತಿರುಗುಮುರುಗು. ಜಾಯ್ ಡಿವಿಷನ್‌ನಲ್ಲಿ ಪೀಟರ್ ಹುಕ್ ಬಾಸ್‌ನ ಮೇಲಿನ ಸ್ವರಗಳಲ್ಲೇ ಓಡಾಡುತ್ತಾನೆ, ಪಕ್ಕದಲ್ಲಿ ಗಿಟಾರ್ ಜೋರಾಗಿದ್ದುದರಿಂದ ಕೆಳಗಿನ ಸ್ವರ ನುಡಿಸಿದರೆ ಅವನಿಗೇ ಕೇಳುತ್ತಿರಲಿಲ್ಲ. ದಿ ಕ್ಯೂರ್‌ನ 'ಎ ಫಾರೆಸ್ಟ್' (1980) ಕೊನೆಯ ತನಕ ಕೇಳಿ. ಒಂದೊಂದೇ ವಾದ್ಯ ಬಿಟ್ಟು ಹೋಗಿ, ಕೊನೆಗೆ ಸೈಮನ್ ಗ್ಯಾಲಪ್‌ನ ಬಾಸ್ ಒಂದೇ ಒಂಟಿಯಾಗಿ ಉಳಿಯುತ್ತದೆ. ಇದು ಕಿವಿಗೆ ಹತ್ತಿದರೆ ಪ್ಲೇಲಿಸ್ಟನ್ನು ನೀವೇ ವಿಂಗಡಿಸುತ್ತೀರಿ.

ಹಳೇ_ಕ್ಯಾಸೆಟ್

ಬಾಸ್ ಅವರೇ, 1979ರಿಂದ ಕಥೆ ಶುರು ಮಾಡಿದರೆ ಹಿಂದಿನವರಿಗೆ ಅನ್ಯಾಯವಾಗುತ್ತದೆ. ಜಾನ್ ಸ್ಟಿಕ್ನಿ ಎಂಬ ವಿಮರ್ಶಕ 1967ರಲ್ಲೇ ದಿ ಡೋರ್ಸ್ ಬಗ್ಗೆ ಬರೆಯುವಾಗ 'ಗಾಥಿಕ್ ರಾಕ್' ಎಂದಿದ್ದ. 1968ರ ಕೊನೆಗೆ ಗಾಯಕಿ ನಿಕೋಳ 'ದಿ ಮಾರ್ಬಲ್ ಇಂಡೆಕ್ಸ್' ಬಂತು. ಹಾರ್ಮೋನಿಯಂ ಶ್ರುತಿ ಎಳೆದು ಹಿಡಿದು, ಅದರ ಮೇಲೆ ಆ ತಣ್ಣನೆಯ ದನಿ. ಅದನ್ನು ಕೇಳಿದವರಿಗೆ ಹತ್ತು ವರ್ಷ ಬಿಟ್ಟು ಬಂದ ಅರ್ಧ ಬ್ಯಾಂಡುಗಳು ಎಲ್ಲಿಂದ ಬಂದವು ಎಂದು ಗೊತ್ತಾಗುತ್ತದೆ.

ಇನ್ನು ಗ್ಲಾಮ್, ಅಂದರೆ ಎಪ್ಪತ್ತರ ದಶಕದ ಥಳುಕಿನ ವೇಷದ ರಾಕ್. ನೀವು ಹೇಳಿದ ಬೌಹೌಸ್‌ಗೆ ದೊಡ್ಡ ಹಿಟ್ ತಂದುಕೊಟ್ಟದ್ದು ಡೇವಿಡ್ ಬೋವಿಯ 'ಜಿಗ್ಗಿ ಸ್ಟಾರ್‌ಡಸ್ಟ್', 1982ರಲ್ಲಿ. ಅದಕ್ಕೂ ಮೊದಲು ಟಿ. ರೆಕ್ಸ್‌ನ 'ಟೆಲಿಗ್ರಾಮ್ ಸ್ಯಾಮ್' ಹಾಡಿದ್ದರು. ಮುಖಕ್ಕೆ ಬಣ್ಣ, ವೇದಿಕೆಯ ಮೇಲೆ ನಾಟಕ, ಗಂಡು ಹೆಣ್ಣಿನ ಗೆರೆ ಅಳಿಸುವುದು ಎಲ್ಲ ಅಲ್ಲಿಂದ ಬಂತು. ಬಾಸ್ ಒಂದೇ ಹಿಡಿದುಕೊಂಡರೆ ಇದೆಲ್ಲ ಕೈಬಿಟ್ಟು ಹೋಗುತ್ತದೆ.

ಬಾಸ್_ಗಿಟಾರಿ

ಹಳೇ ಕ್ಯಾಸೆಟ್ ಸರ್, ನಿಕೋ ಬಗ್ಗೆ ನೂರಕ್ಕೆ ನೂರು ಒಪ್ಪುತ್ತೇನೆ. ಗ್ಲಾಮ್ ಬಗ್ಗೆಯೂ. ಆದರೆ ಅವರೆಲ್ಲ ಹಿರಿಯರು. ಬ್ಯಾಂಡು, ಕ್ಲಬ್ಬು, ವಾರ ವಾರ ಬರುವ ಜನ, ಈ ಮೂರೂ ಒಂದೇ ಕಡೆ ಸೇರಿದ್ದು 1979ರಿಂದ 1983ರ ಒಳಗೆ. ಸೂಸಿ ಅಂಡ್ ದ ಬ್ಯಾನ್ಶೀಸ್‌ನ 'ಜುಜು' 1981ರಲ್ಲಿ ಬಂತು. ಜಾನ್ ಮೆಕ್‌ಗಿಯಾಕ್ ಗಿಟಾರ್‌ಗೆ ಸದ್ದನ್ನು ಅಲೆಯಂತೆ ಸುಳಿಸುವ ಫ್ಲ್ಯಾಂಜರ್ ಪೆಡಲ್ ಹಾಕಿ ತಂತಿಗಳನ್ನು ಬಿಡಿಬಿಡಿಯಾಗಿ ನುಡಿಸಿದ. ಪವರ್ ಕಾರ್ಡ್ (ಎರಡು ಸ್ವರ ಒಟ್ಟಿಗೆ ಜೋರಾಗಿ) ಹೊಡೆಯುವ ಚಟದಿಂದ ಗಿಟಾರ್ ಪಾರಾದದ್ದು ಅಲ್ಲಿ. ಬಜ್ಜಿ ಎಂಬ ಡ್ರಮ್ಮರ್ ಟಾಮ್ ಎಂಬ ದಪ್ಪ ದನಿಯ ಡ್ರಮ್‌ಗಳ ಮೇಲೆ ಉರುಳಿಸುವ ತಾಳ ಆಮೇಲೆ ಗಾಥ್‌ನ ಗುರುತೇ ಆಯಿತು.

1982ರ ಜುಲೈನಲ್ಲಿ ಲಂಡನ್ನಿನ ಸೋಹೋದಲ್ಲಿ ಬ್ಯಾಟ್‌ಕೇವ್ ಕ್ಲಬ್ ತೆರೆಯಿತು. ನಡೆಸಿದ್ದು ಸ್ಪೆಸಿಮೆನ್ ಬ್ಯಾಂಡಿನವರು. ಏಲಿಯನ್ ಸೆಕ್ಸ್ ಫೀಂಡ್ ನುಡಿಸಿ ಹೆಸರು ಮಾಡಿದ್ದು ಅಲ್ಲೇ. ಅದೇ ಸ್ಪೆಸಿಮೆನ್‌ನ ಆಲಿ ವಿಸ್ಡಮ್ ಮುಂದೆ 'ಸ್ಪೇಸ್ ಟ್ರೈಬ್' ಹೆಸರಿನಲ್ಲಿ ಸೈಟ್ರಾನ್ಸ್ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಮಾಡಿದ. ಗೋವಾ ಪಾರ್ಟಿಗಳಿಗೆ ಹೋಗುತ್ತಿದ್ದವರಲ್ಲಿ ಆ ಹೆಸರು ಕೇಳಿದವರು ಬೇಕಾದಷ್ಟು ಜನ ಇದ್ದಾರೆ, ಬ್ಯಾಟ್‌ಕೇವ್ ಮಾತ್ರ ಅವರಿಗೆ ಗೊತ್ತಿರುವುದಿಲ್ಲ.

ಲೀಡ್ಸ್_ಕನ್ನಡತಿ

ಲಂಡನ್, ಲಂಡನ್! ಉತ್ತರದವರನ್ನು ಬಿಟ್ಟೇಬಿಟ್ಟಿರಲ್ಲ. ನಾನು ಓದಲು ಬಂದು ಲೀಡ್ಸ್‌ನಲ್ಲೇ ಉಳಿದವಳು, ಈ ಊರಿನ ಪರವಾಗಿ ಒಂದು ಮಾತು ಹೇಳಲೇಬೇಕು.

ಸಿಸ್ಟರ್ಸ್ ಆಫ್ ಮರ್ಸಿ 1980ರಲ್ಲಿ ಶುರುವಾದದ್ದು ಇಲ್ಲಿ. ಮೊದಲ ಸಿಂಗಲ್ ಬಿಟ್ಟರೆ ಅವರಿಗೆ ಡ್ರಮ್ಮರ್ ಇರಲಿಲ್ಲ, ಯಂತ್ರ ಇತ್ತು, ಅದಕ್ಕೆ ಡಾಕ್ಟರ್ ಅವಲಾಂಚ್ ಎಂದು ಹೆಸರಿಟ್ಟಿದ್ದರು. ಬ್ಯಾಂಡಿನ ಜನ ಬದಲಾದರು, ಯಂತ್ರದ ಮಾಡೆಲ್ ಬದಲಾಯಿತು, ಆ ಹೆಸರು ಇವತ್ತಿಗೂ ಹಾಗೇ ಇದೆ. ಮನುಷ್ಯ ಡ್ರಮ್ ಹೊಡೆದರೆ ಅಲ್ಲಲ್ಲಿ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಯಂತ್ರ ಆಗುವುದಿಲ್ಲ. ಆ ಬಿಗಿ ತಾಳದ ಮೇಲೆ ಕ್ರೇಗ್ ಆಡಮ್ಸ್‌ನ ಒರಟು ಬಾಸ್, ಅದರ ಮೇಲೆ ಆಂಡ್ರೂ ಎಲ್ಡ್ರಿಚ್‌ನ ಕೆಳದನಿ. ಬ್ಯಾಟ್‌ಕೇವ್‌ನವರದು ಬಣ್ಣ, ವೇಷ, ಕುಣಿತ. ಇವರದು ಹೊಗೆ ಮತ್ತು ಕನ್ನಡಕ. ವೇದಿಕೆಯ ಮೇಲೆ ಎಷ್ಟು ಹೊಗೆ ಬಿಡುತ್ತಿದ್ದರು ಎಂದರೆ ಎಷ್ಟೋ ಸಲ ಬ್ಯಾಂಡೇ ಕಾಣುತ್ತಿರಲಿಲ್ಲ.

ಮಾರ್ಚ್ ವಯೊಲೆಟ್ಸ್, ರೆಡ್ ಲಾರಿ ಯೆಲ್ಲೋ ಲಾರಿ ಇದೇ ಊರಿನವರು. ಸ್ಕೆಲಿಟಲ್ ಫ್ಯಾಮಿಲಿ ಪಕ್ಕದ ಕೀತ್ಲಿಯವರು. ಸದರ್ನ್ ಡೆತ್ ಕಲ್ಟ್ ಬ್ರಾಡ್‌ಫರ್ಡ್‌ನವರು. ಸಿಸ್ಟರ್ಸ್ ಒಡೆದಾಗ ವೇಯ್ನ್ ಹಸ್ಸಿ, ಆಡಮ್ಸ್ ಸೇರಿ ದಿ ಮಿಷನ್ ಕಟ್ಟಿದರು. ಎಲ್ಲ ಒಂದೆರಡು ಬಸ್ಸಿನಲ್ಲಿ ಮುಟ್ಟುವ ದೂರ. ಇವತ್ತು 'ಗಾಥ್ ರಾಕ್' ಎಂದು ಯಾರಾದರೂ ಬರೆದರೆ ಹತ್ತರಲ್ಲಿ ಎಂಟು ಸಲ ಅವರ ತಲೆಯಲ್ಲಿ ಇರುವುದು ಲಂಡನ್ನಿನ ಸದ್ದಲ್ಲ, ಲೀಡ್ಸ್‌ನ ಸದ್ದು.

ಮಲೆನಾಡ_ಮಳೆ

ಅಕ್ಕ, ಆದರೆ ಎಲ್ಡ್ರಿಚ್ ತಾನು ಗಾಥ್ ಅಲ್ಲವೇ ಅಲ್ಲ ಎನ್ನುತ್ತಾನಂತೆ? ಕ್ಯೂರ್‌ನ ರಾಬರ್ಟ್ ಸ್ಮಿತ್ ಕೂಡ ಹಾಗೇ ಅಂತೆ. ಮಾಡಿದವರೇ ಬೇಡ ಎಂದರೆ ನಾವು ಹೇಗೆ ಹೇಳುವುದು?

ಲೀಡ್ಸ್_ಕನ್ನಡತಿ

ನಿಜ, ಇಬ್ಬರೂ ಹಾಗೇ ಹೇಳುತ್ತಾ ಬಂದಿದ್ದಾರೆ. ಒಂದು ಡಬ್ಬಿಯಲ್ಲಿ ಹಾಕಿ ಮುಚ್ಚಿದರೆ ಯಾವ ಕಲಾವಿದನಿಗೂ ಇಷ್ಟವಾಗುವುದಿಲ್ಲ. ಕ್ಯೂರ್ ತಮಾಷೆಯ ಪಾಪ್ ಹಾಡನ್ನೂ ಮಾಡಿದೆ ಅಲ್ವಾ? ಆದರೆ 'ಸೆವೆಂಟೀನ್ ಸೆಕೆಂಡ್ಸ್', 'ಫೇತ್', 'ಪೋರ್ನೋಗ್ರಫಿ', 1980ರಿಂದ 82ರ ತನಕದ ಆ ಮೂರು ಆಲ್ಬಂ ಇಲ್ಲದೆ ಈ ಸಂಗೀತವೇ ಇಲ್ಲ. ಬ್ಯಾಂಡು ಗಾಥ್ ಹೌದೋ ಅಲ್ಲವೋ ಎಂದು ಜಗಳ ಆಡುವ ಬದಲು ಆಲ್ಬಂ ಗಾಥ್ ಹೌದೋ ಅಲ್ಲವೋ ಎಂದು ಕೇಳಿದರೆ ಅರ್ಧ ಜಗಳ ಮುಗಿಯುತ್ತದೆ.

ಎಲ್ಡ್ರಿಚ್ ವಿಷಯದಲ್ಲಿ 1987ರ 'ಫ್ಲಡ್‌ಲ್ಯಾಂಡ್' ಕೇಳಿ. 'ದಿಸ್ ಕರೋಷನ್' ಹಾಡಿಗೆ ಸಂಗೀತ ನಿರ್ಮಾಪಕ ಜಿಮ್ ಸ್ಟೈನ್‌ಮನ್‌ನನ್ನು ಕರೆಸಿ, ನ್ಯೂಯಾರ್ಕ್ ಕೋರಲ್ ಸೊಸೈಟಿಯ 40 ಜನರಿಂದ ಕೋರಸ್ ಹಾಡಿಸಿದ್ದಾನೆ. ಹೆಸರು ಬೇಡ ಎಂದವನು ಆ ಹೆಸರಿಗೆ ಕೊಟ್ಟಷ್ಟು ಬೇರೆ ಯಾರೂ ಕೊಟ್ಟಿಲ್ಲ.

ಡಬಲ್_ಪೆಡಲ್

ಬೆಂಗಳೂರಿನಿಂದ ಒಬ್ಬ ಮೆಟಲ್ ಅಭಿಮಾನಿಯ ಮಾತು. ನಮ್ಮ ಕಡೆ ಹೆಚ್ಚಿನವರು ಈ ಸಂಗೀತಕ್ಕೆ ಬಂದದ್ದೇ ಮೆಟಲ್ ಬಾಗಿಲಿನಿಂದ. 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನೋಡಿದ ಪೀಳಿಗೆ ನಾವು. ಅಲ್ಲಿಂದ ಪ್ಯಾರಡೈಸ್ ಲಾಸ್ಟ್, ಅಲ್ಲಿಂದ ಸಿಸ್ಟರ್ಸ್. ಈಗ 'ಮೆಟಲ್ ಬೇರೆ, ಗಾಥ್ ಬೇರೆ' ಎಂದು ಬಾಗಿಲು ಹಾಕಿದರೆ ಸರಿಯಲ್ಲ ಗುರು.

ಪ್ಯಾರಡೈಸ್ ಲಾಸ್ಟ್ ಹ್ಯಾಲಿಫ್ಯಾಕ್ಸ್‌ನವರು, ಲೀಡ್ಸ್ ಪಕ್ಕದವರೇ. 1991ರಲ್ಲಿ ಅವರ 'ಗಾಥಿಕ್' ಆಲ್ಬಂ ಬಂತು, ಡೂಮ್ ಮೆಟಲ್‌ನ ಭಾರದ ಮೇಲೆ ಹೆಣ್ಣು ದನಿ, ಆರ್ಕೆಸ್ಟ್ರಾ. ಸಿಸ್ಟರ್ಸ್ ಪ್ರಭಾವವನ್ನು ಅವರು ಯಾವತ್ತೂ ಮುಚ್ಚಿಟ್ಟಿಲ್ಲ. 1999ರ 'ಹೋಸ್ಟ್' ಹೊತ್ತಿಗೆ ಡಿಪೆಷ್ ಮೋಡ್ ಹತ್ತಿರ ಹೋಗಿದ್ದರು. ಟೈಪ್ ಓ ನೆಗೆಟಿವ್‌ನ 'ಬ್ಲಡಿ ಕಿಸ್ಸಸ್' (1993) ತೆಗೆದುಕೊಳ್ಳಿ, ಪೀಟರ್ ಸ್ಟೀಲ್ ಹಾಡುವವನೂ ಹೌದು, ಬಾಸ್ ನುಡಿಸುವವನೂ ಹೌದು. ನಿಮ್ಮ ಬಾಸ್ ಪರೀಕ್ಷೆಯಲ್ಲಿ ಅವನು ಪಾಸಾಗುವುದಿಲ್ಲವಾ?

ಬಾಸ್_ಗಿಟಾರಿ

ಪಾಸಾಗುತ್ತಾನೆ, ಅದಕ್ಕೇ ಟೈಪ್ ಓ ಬಗ್ಗೆ ನಾನು ಜಗಳ ಆಡುವುದಿಲ್ಲ. ಪ್ಯಾರಡೈಸ್ ಲಾಸ್ಟ್ ಬಗ್ಗೆಯೂ ಇಲ್ಲ. ಇವರಿಬ್ಬರೂ ಗಾಥ್ ಕೇಳಿ, ಅರಗಿಸಿಕೊಂಡು ಮೆಟಲ್ ಮಾಡಿದವರು. ಮೈ ಮೆಟಲ್‌ನದು, ಅದಕ್ಕೆ ಇಳಿದ ರಕ್ತದಲ್ಲಿ ಒಂದು ಪಾಲು ಗಾಥ್‌ನದು.

ನನ್ನ ತಕರಾರು ಮುಂದಿನದರ ಬಗ್ಗೆ. ಹೆಣ್ಣು ದನಿ, ಕೀಬೋರ್ಡು, ಉದ್ದ ಗೌನು ಇದ್ದರೆ ಸಾಕು, ಗಾಥ್ ಎಂದು ಚೀಟಿ ಅಂಟಿಸುತ್ತಾರೆ. ನೈಟ್‌ವಿಶ್ ಅದ್ಭುತ ಬ್ಯಾಂಡ್, ಆದರೆ ಅದರ ಬೇರು ಪವರ್ ಮೆಟಲ್‌ನಲ್ಲಿ, ಸಿಂಫನಿಯಲ್ಲಿ ಇದೆ. ಇವಾನೆಸೆನ್ಸ್‌ನ 'ಫಾಲನ್' (2003) ನು-ಮೆಟಲ್ ಗಿಟಾರ್ ಮತ್ತು ಪಿಯಾನೋ ಸೇರಿದ ಆಲ್ಬಂ. ಮ್ಯಾನ್ಸನ್‌ದು ಷಾಕ್ ರಾಕ್ ಮತ್ತು ಇಂಡಸ್ಟ್ರಿಯಲ್ ಮೆಟಲ್, ಅವನ 1996ರ ಆಲ್ಬಂ ನಿರ್ಮಾಣದಲ್ಲಿ ನೈನ್ ಇಂಚ್ ನೇಲ್ಸ್‌ನ ಟ್ರೆಂಟ್ ರೆಜ್ನರ್ ಇದ್ದ. ಈ ಮೂವರಲ್ಲಿ ಗಾಥ್‌ನ ನೆರಳು ಕಾಣಬಹುದು, ಪೋಸ್ಟ್-ಪಂಕ್ ನಂಟು ಕಾಣುವುದಿಲ್ಲ. ಒಂದೇ ಮದುವೆ ಮನೆಯಲ್ಲಿ ಊಟಕ್ಕೆ ಕೂತವರೆಲ್ಲ ಬೀಗರಾಗುವುದಿಲ್ಲ.

ಡಬಲ್_ಪೆಡಲ್

ನೈಟ್‌ವಿಶ್ ಬಗ್ಗೆ ಒಪ್ಪಿದೆ. ಇವಾನೆಸೆನ್ಸ್ ಕೇಳಿ ಈ ಕಡೆ ಬಂದ ಹುಡುಗ ಹುಡುಗಿಯರನ್ನು ಮಾತ್ರ ಓಡಿಸಬೇಡಿ. ಅವರಿಗೆ 'ಇದು ಗಾಥ್ ಅಲ್ಲ' ಎಂದು ಹೇಳಿ ಎದ್ದು ಹೋಗುವವರು ಜಾಸ್ತಿ, ಪಕ್ಕದಲ್ಲಿ ಕೂರಿಸಿಕೊಂಡು 'ಜುಜು' ಹಾಕಿ ಕೇಳಿಸುವವರು ಕಡಿಮೆ.

ಸಿಂಥ್_ಪ್ರಿಯ

ಮಳೆ ಅವರು ಮೊಲ್ಚಾತ್ ದೋಮಾ ಬಗ್ಗೆ ಕೇಳಿದ್ದರು, ಅದಕ್ಕೆ ಯಾರೂ ಉತ್ತರ ಕೊಟ್ಟೇ ಇಲ್ಲ.

ಎಂಬತ್ತರ ದಶಕದ ಮೊದಲಲ್ಲಿ ಕೈಗೆಟಕುವ ಬೆಲೆಗೆ ಸಿಂಥಸೈಜರ್, ಡ್ರಮ್ ಮಷೀನ್ ಬಂದವು. ಬ್ಯಾಂಡಿಗೆ ಐದು ಜನ ಬೇಕಿಲ್ಲ, ಇಬ್ಬರಿದ್ದರೆ ಸಾಕು. ಫ್ರಾನ್ಸ್‌ನಲ್ಲಿ ಇದರಿಂದ ಕೋಲ್ಡ್‌ವೇವ್ ಬೆಳೆಯಿತು. ಕಾಸ್ ಪ್ರಾಡಕ್ಟ್ ಕೇಳಿ, ಇಬ್ಬರೇ. ನೆದರ್‌ಲ್ಯಾಂಡ್ಸ್‌ನ ಕ್ಲಾನ್ ಆಫ್ ಝೈಮಾಕ್ಸ್‌ನ ಮೊದಲ ಆಲ್ಬಂ 1985ರಲ್ಲಿ ಫೋರ್-ಎ-ಡಿ ಲೇಬಲ್‌ನಲ್ಲಿ ಬಂತು. ಗಿಟಾರ್, ಬಾಸ್ ಇವೆ, ಆದರೆ ಹಾಡಿನ ಬೆನ್ನೆಲುಬು ಸಿಂಥ್. ಡಾರ್ಕ್‌ವೇವ್ ಎಂದು ಈಗ ಕರೆಯುವುದು ಇಂಥದ್ದನ್ನು. ನನ್ನ ಕಿವಿಗೆ ಡಾರ್ಕ್‌ವೇವ್ ಗಾಥ್‌ನ ಒಳಗೇ ಇದೆ. ಬಾಸ್ ನುಡಿಸಿದ ರೀತಿ ಅದೇ, ಖಾಲಿ ಜಾಗ ಅದೇ, ವಾದ್ಯ ಮಾತ್ರ ಬೇರೆ.

ಮೊಲ್ಚಾತ್ ದೋಮಾ ಮಿನ್ಸ್ಕ್‌ನವರು. ಅವರ 2018ರ ಆಲ್ಬಂನ 'ಸುದ್ನೋ' ಹಾಡು 2020ರಲ್ಲಿ ಟಿಕ್‌ಟಾಕ್‌ನಲ್ಲಿ ಹಬ್ಬಿ ಪ್ರಪಂಚಕ್ಕೆಲ್ಲ ಗೊತ್ತಾಯಿತು. ಅದರಲ್ಲೂ ಬಾಸ್‌ನ ಓಟ ಗಮನಿಸಿ, ಜಾಯ್ ಡಿವಿಷನ್ ಮನೆತನ ತಕ್ಷಣ ತಿಳಿಯುತ್ತದೆ. ಟರ್ಕಿಯ ಬುರ್ಸಾದಿಂದ ಬಂದ ಷೀ ಪಾಸ್ಟ್ ಅವೇ ಪೂರ್ತಿ ಟರ್ಕಿಷ್‌ನಲ್ಲೇ ಹಾಡುತ್ತಾರೆ. ನನಗೆ ಟರ್ಕಿಷ್‌ನ ಒಂದು ಪದ ಬರುವುದಿಲ್ಲ, ಆದರೂ ಮೊದಲ ಹತ್ತು ಸೆಕೆಂಡಿಗೆ ಇದು ಗಾಥ್ ಎಂದು ಗೊತ್ತಾಗಿಬಿಡುತ್ತದೆ. ಸಾಹಿತ್ಯದಿಂದ ಗಾಥ್ ಗುರುತಿಸುತ್ತೇನೆ ಎನ್ನುವವರು ಇದಕ್ಕೆ ಏನು ಹೇಳುತ್ತಾರೆ?

ಹಳೇ_ಕ್ಯಾಸೆಟ್

ಒಳ್ಳೆಯ ಮಾತು ಸಿಂಥ್ ಅವರೇ.

ಅಟ್ಲಾಂಟಿಕ್‌ನ ಆಚೆ ದಡವನ್ನು ಯಾರೂ ಮುಟ್ಟಿಲ್ಲ. ಲಾಸ್ ಏಂಜಲಿಸ್‌ನಲ್ಲಿ ಡೆತ್‌ರಾಕ್ ಬೆಳೆದದ್ದು ಅಲ್ಲಿನ ಹಾರ್ಡ್‌ಕೋರ್ ಪಂಕ್‌ನಿಂದ. ಕ್ರಿಶ್ಚಿಯನ್ ಡೆತ್‌ನ 'ಓನ್ಲಿ ಥಿಯೇಟರ್ ಆಫ್ ಪೇನ್' 1982ರದ್ದು. ಅದರಲ್ಲಿ ಗಿಟಾರ್ ನುಡಿಸಿದ ರಿಕ್ ಆಗ್ನ್ಯೂ ಅದಕ್ಕೂ ಮೊದಲು ಅಡೊಲೆಸೆಂಟ್ಸ್ ಎಂಬ ಹಾರ್ಡ್‌ಕೋರ್ ಬ್ಯಾಂಡಿನಲ್ಲಿ ಇದ್ದವನು. ಹಾಗಾಗಿ ಡೆತ್‌ರಾಕ್‌ಗೆ ವೇಗ ಜಾಸ್ತಿ, ಒರಟುತನ ಜಾಸ್ತಿ, ಹಳೇ ಭೂತದ ಸಿನಿಮಾಗಳ ಗುಂಗು ಜಾಸ್ತಿ. 45 ಗ್ರೇವ್ ಕೇಳಿದರೆ ಅರ್ಥವಾಗುತ್ತದೆ. ಇಂಗ್ಲೆಂಡಿನವರನ್ನು ನಕಲು ಮಾಡಿ ಹುಟ್ಟಿದ್ದಲ್ಲ ಅದು, ಅದೇ ಹೊತ್ತಿಗೆ ತಾನಾಗಿಯೇ ಬೆಳೆದದ್ದು. ಆಮೇಲೆ ಎರಡೂ ಕಡೆಯವರು ಒಬ್ಬರನ್ನೊಬ್ಬರು ಕೇಳಿದರು, ಗಡಿ ಕಲಸಿಹೋಯಿತು.

ಮಲೆನಾಡ_ಮಳೆ

ಕಾಕ್ಟೋ ಟ್ವಿನ್ಸ್? ಅದರಲ್ಲಿ ಭಯವೂ ಇಲ್ಲ, ಸಾವೂ ಇಲ್ಲ. ಆಕೆ ಏನು ಹಾಡುತ್ತಾಳೆ ಎಂಬುದೇ ತಿಳಿಯುವುದಿಲ್ಲ.

ಸಿಂಥ್_ಪ್ರಿಯ

ಎಲಿಜಬೆತ್ ಫ್ರೇಸರ್ ಎಷ್ಟೋ ಕಡೆ ಅರ್ಥಕ್ಕಿಂತ ಸದ್ದಿಗಾಗಿ ಪದ ಆರಿಸುತ್ತಾಳೆ, ಕೆಲವು ಪದ ಯಾವ ಭಾಷೆಯದೂ ಅಲ್ಲ. ಅವರ ಮೊದಲ ಆಲ್ಬಂ 'ಗಾರ್ಲಂಡ್ಸ್' (1982) ಕೇಳಿ ನೋಡಿ. ಡ್ರಮ್ ಮಷೀನ್, ಮುಂದೆ ನಿಂತ ಬಾಸ್, ಬ್ಯಾನ್ಶೀಸ್ ಪ್ರಭಾವ ಎಲ್ಲ ಇದೆ. 'ಟ್ರೆಷರ್' (1984) ಹೊತ್ತಿಗೆ ಗಿಟಾರ್ ಮೋಡವಾಗಿತ್ತು. ಈಥೀರಿಯಲ್ ಎನ್ನುವುದು ಈ ದಾರಿಯನ್ನೇ. ಮುಂದೆ ಅದು ಡ್ರೀಮ್ ಪಾಪ್, ಷೂಗೇಜ್ ಎಂಬ ಮಸುಕು ಗಿಟಾರಿನ ಸಂಗೀತಗಳ ಕಡೆ ಹರಿಯಿತು. ಮೆಲ್ಬರ್ನ್‌ನಿಂದ ಬಂದ ಡೆಡ್ ಕ್ಯಾನ್ ಡಾನ್ಸ್ ಕೂಡ ಮೊದಲ ಆಲ್ಬಂನಲ್ಲಿ ಪಕ್ಕಾ ಪೋಸ್ಟ್-ಪಂಕ್, ಆಮೇಲೆ ಮಧ್ಯಯುಗದ ಹಾಡುಗಳ ಕಡೆ ಹೋದರು. ಹುಟ್ಟಿದ್ದು ಗಾಥ್ ಮನೆಯಲ್ಲಿ, ಬಾಳಿದ್ದು ಬೇರೆ ಕಡೆ.

ಲೈಪ್‌ಜಿಗ್_ವಾಸಿ

ಜರ್ಮನಿಯ ಲೈಪ್‌ಜಿಗ್‌ನಿಂದ ಒಂದು ಮಾತು. ಇಲ್ಲಿ ಪ್ರತಿ ವರ್ಷ ಪೆಂತಕೋಸ್ತ ರಜೆಗೆ ವೇವ್-ಗೋಟಿಕ್-ಟ್ರೆಫನ್ ಹಬ್ಬ ನಡೆಯುತ್ತದೆ, 1992ರಿಂದ. ಸುಮಾರು 20,000 ಜನ ಬರುತ್ತಾರೆ. ಶುಕ್ರವಾರ ಕ್ಲಾರಾ ಜೆಟ್ಕಿನ್ ಪಾರ್ಕಿನಲ್ಲಿ ವಿಕ್ಟೋರಿಯನ್ ಪಿಕ್ನಿಕ್. ನಿಲುವಂಗಿ, ಲೇಸಿನ ಕೊಡೆ ಹಿಡಿದವರ ಪಕ್ಕದಲ್ಲೇ ಅಜ್ಜಿ ಮೊಮ್ಮಕ್ಕಳನ್ನು ಕರೆದುಕೊಂಡು ನೋಡಲು ಬಂದಿರುತ್ತಾರೆ. ಸಂಜೆ ಟ್ರಾಮ್ ಹತ್ತಿದರೆ ಕಪ್ಪು ಬಿಟ್ಟು ಬೇರೆ ಬಣ್ಣ ಹುಡುಕಬೇಕು.

ಅದೇ ಹಬ್ಬದಲ್ಲಿ ಒಂದು ಸಭಾಂಗಣದಲ್ಲಿ ಡೆತ್‌ರಾಕ್, ಇನ್ನೊಂದರಲ್ಲಿ ಇಬಿಎಂ (ಎಲೆಕ್ಟ್ರಾನಿಕ್ ಬಾಡಿ ಮ್ಯೂಸಿಕ್, ಯಂತ್ರತಾಳದ ಕುಣಿತದ ಸಂಗೀತ), ಮತ್ತೊಂದರಲ್ಲಿ ಮೆಟಲ್, ಊರ ಆಚೆ ಮಧ್ಯಯುಗದ ಸಂತೆ. ಇಲ್ಲಿನವರು ಈ ಇಡೀ ಬಳಗವನ್ನು 'ಕಪ್ಪು ಬಳಗ' ಎಂದೇ ಕರೆಯುತ್ತಾರೆ, ಎಲ್ಲವನ್ನೂ ಗಾಥ್ ಸಂಗೀತ ಎನ್ನುವುದಿಲ್ಲ. ನನಗೆ ಇದು ತುಂಬಾ ಹಿಡಿಸಿತು. ಇಂಡಸ್ಟ್ರಿಯಲ್‌ನ ವಂಶವೇ ಬೇರೆ, 1976ರಲ್ಲಿ ಥ್ರಾಬಿಂಗ್ ಗ್ರಿಸಲ್ ತಮ್ಮದೇ ಲೇಬಲ್‌ಗೆ ಆ ಹೆಸರಿಟ್ಟರು. ಅಲ್ಲಿಂದ, ಕ್ರಾಫ್ಟ್‌ವರ್ಕ್ ಕಡೆಯಿಂದ ಬೆಲ್ಜಿಯಂನ ಫ್ರಂಟ್ 242. ಅವರಲ್ಲಿ ಬೇಕಾಗಿರುವುದು ಬೆವರು, ಕವಾಯತು, ಯಂತ್ರದ ತಾಳ. ತೊಂಬತ್ತರ ದಶಕದಲ್ಲಿ ಕ್ಲಬ್‌ನವರು ಒಂದೇ ರಾತ್ರಿ ಎರಡನ್ನೂ ಹಾಕಲು ಶುರು ಮಾಡಿದರು, ಏಕೆಂದರೆ ಎರಡಕ್ಕೂ ಬೇರೆ ಬೇರೆ ರಾತ್ರಿ ನಡೆಸುವಷ್ಟು ಜನ ಬಹಳ ಊರುಗಳಲ್ಲಿ ಇರಲಿಲ್ಲ. ಒಂದೇ ನೆಲದ ಮೇಲೆ ಕುಣಿದವರು ಒಂದೇ ಹೆಸರಿನಲ್ಲಿ ಕರೆಸಿಕೊಂಡರು.

ಬಾಸ್_ಗಿಟಾರಿ

ಇದನ್ನೇ ನಾನು ಹೇಳಲು ಹೊರಟಿದ್ದು. ಬಳಗ ದೊಡ್ಡದಿರಲಿ, ಎಲ್ಲರೂ ಬರಲಿ. ಆದರೆ ಸಂಗೀತದ ಹೆಸರನ್ನು ಅಷ್ಟೇ ಅಗಲ ಮಾಡಿದರೆ ಹೊಸಬರು 'ಗಾಥ್' ಎಂದು ಹುಡುಕಿದಾಗ ಬೌಹೌಸ್, ಬ್ಯಾನ್ಶೀಸ್ ಸಿಗುವುದೇ ಇಲ್ಲ. ಮಳೆ ಅವರ ಪ್ಲೇಲಿಸ್ಟೇ ಸಾಕ್ಷಿ, ಅದರಲ್ಲಿ ಆ ಎರಡೂ ಇಲ್ಲ. ಹಾಗೆಯೇ ಬಟ್ಟೆ ನೋಡಿ ಗಾಥ್ ಎನ್ನುವುದೂ ನಿಲ್ಲಬೇಕು.

ಲೀಡ್ಸ್_ಕನ್ನಡತಿ

ಸಂಗೀತದ ಮಾತಿಗೆ ಹೌದು. ಬಟ್ಟೆಯ ವಿಷಯದಲ್ಲಿ ಸ್ವಲ್ಪ ನಿಲ್ಲಿ. 2007ರಲ್ಲಿ ಲ್ಯಾಂಕಷೈರ್‌ನ ಬೇಕಪ್ ಎಂಬ ಊರಿನ ಪಾರ್ಕಿನಲ್ಲಿ ಸೋಫಿ ಲ್ಯಾಂಕಾಸ್ಟರ್ ಎಂಬ ಇಪ್ಪತ್ತರ ಹುಡುಗಿಯನ್ನು ಹೊಡೆದು ಕೊಂದರು. ಅವಳೂ ಅವಳ ಗೆಳೆಯನೂ ಗಾಥ್ ವೇಷದಲ್ಲಿ ಇದ್ದರು, ಕಾರಣ ಅಷ್ಟೇ. ಆ ಪ್ರಕರಣದ ನಂತರ, 2013ರಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಇಂಥ ಬಳಗದವರ ಮೇಲಿನ ಹಲ್ಲೆಯನ್ನು ದ್ವೇಷದ ಅಪರಾಧ ಎಂದು ದಾಖಲಿಸಲು ಶುರು ಮಾಡಿದರು. ಹೊಡೆಯಲು ಬಂದವರು 'ನೀನು ಯಾವ ಬ್ಯಾಂಡ್ ಕೇಳುತ್ತೀಯ' ಎಂದು ಕೇಳುವುದಿಲ್ಲ. ಬಟ್ಟೆಯಿಂದ ಸಂಗೀತವನ್ನು ಅಳೆಯಬೇಡಿ, ಒಪ್ಪುತ್ತೇನೆ. ಬಟ್ಟೆ ಹಾಕಿದವರನ್ನು ಮಾತ್ರ ಹಗುರವಾಗಿ ನೋಡಬೇಡಿ.

ಬಾಸ್_ಗಿಟಾರಿ

ಒಪ್ಪಿದೆ ಅಕ್ಕ. ಆ ಮಾತಿಗೆ ನನ್ನದೇನೂ ಎದುರಿಲ್ಲ.

ಮಲೆನಾಡ_ಮಳೆ

ಎಲ್ಲರಿಗೂ ಥ್ಯಾಂಕ್ಸ್. ಬೌಹೌಸ್, 'ಎ ಫಾರೆಸ್ಟ್', 'ಗಾರ್ಲಂಡ್ಸ್' ಮೂರೂ ಕೇಳಿದೆ. ಬಾಸ್ ಹಿಡಿದುಕೊಂಡು ಕೇಳಿದರೆ ಮೂರೂ ಒಂದೇ ಮನೆಯವು ಎನ್ನಿಸಿತು. ಆಮೇಲೆ ಟೈಪ್ ಓ ಹಾಕಿದೆ. ಇಷ್ಟು ವರ್ಷ ಗಿಟಾರ್ ಕೇಳುತ್ತಿದ್ದ ಕಡೆ ಈ ಸಲ ಸ್ಟೀಲ್‌ನ ಬಾಸ್ ಕೇಳಿತು. ಈಗ ಒಂದು ಹೊಸ ಸಮಸ್ಯೆ: ಕಿಲ್ಲಿಂಗ್ ಜೋಕ್‌ನ ಮೊದಲ ಆಲ್ಬಂ (1980) ಕೇಳಿದೆ. ಬಾಸ್ ಇದೆ, ಟಾಮ್ ತಾಳ ಇದೆ, ಪೋಸ್ಟ್-ಪಂಕ್ ಹೌದು, ಮೆಟಲ್‌ನವರೂ ಇಂಡಸ್ಟ್ರಿಯಲ್‌ನವರೂ ತಮ್ಮದು ಎನ್ನುತ್ತಾರೆ. ಅದನ್ನು ಎಲ್ಲಿ ಇಡುವುದು?

ಹಳೇ_ಕ್ಯಾಸೆಟ್

ಮೂರೂ ಕಡೆ ಇಡಿ. ಅದಕ್ಕೆ ಮೂರೂ ಕಡೆ ಮಕ್ಕಳಿದ್ದಾರೆ.

ಬಾಸ್_ಗಿಟಾರಿ

ನಾನು ಗಾಥ್ ಎನ್ನುವುದಿಲ್ಲ. ಆ ಗಿಟಾರ್ ಗೋಡೆಯ ಹಾಗೆ ನಿಂತಿದೆ, ಬಾಸ್‌ಗೆ ಜಾಗ ಬಿಟ್ಟಿಲ್ಲ. ಆದರೆ 1985ರ 'ನೈಟ್ ಟೈಮ್' ಕೇಳಿ ಆಮೇಲೆ ಬನ್ನಿ, ಅದರ ಬಗ್ಗೆ ಹಳೇ ಕ್ಯಾಸೆಟ್ ಸರ್ ಜೊತೆ ನನಗೆ ಇನ್ನೂ ಮಾತಾಡುವುದಿದೆ.